ಅಪ್‌ಪಾರ್ಕ್‌ನ ಸೀಲಿಂಗ್ ಹಳೆಯದಾ, ಹೊಸದಾ?

ಪ್ರಶ್ನೆ:
ಹೋದ ತಿಂಗಳು ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್‌ನಲ್ಲಿರುವ ಅಪ್‌ಪಾರ್ಕ್ ಬಂಗಲೆ ನೋಡಿ ಬಂದೆ. ಸೀಲಿಂಗ್ ತುಂಬ ಗಾರೆಯ ಎಲೆ, ಬಳ್ಳಿ. ಕತ್ತು ನೋಯುವವರೆಗೂ ನೋಡಿದೆ. ಆಮೇಲೆ ಗೊತ್ತಾಯಿತು, 1989ರಲ್ಲಿ ಮನೆಗೆ ಬೆಂಕಿ ಬಿದ್ದಿತ್ತು, ಎಷ್ಟೋ ಕಡೆ ಮತ್ತೆ ಮಾಡಿದ್ದು ಅಂತ. ಬೇಜಾರಾಯಿತು. ನಾನು ನೋಡಿದ್ದು ನಕಲಾ? ಹಳೆಯದು ಯಾವುದು ಅಂತ ಗುರುತಿಸೋದು ಹೇಗೆ?

ಉತ್ತರ 1:
ಬೇಜಾರು ಮಾಡ್ಕೋಬೇಡಿ. ನಾನು ಹಳೇ ಮನೆಗಳಲ್ಲಿ ಸುಣ್ಣದ ಗಾರೆ ಕೆಲಸ ಮಾಡುವವನು. ಅಪ್‌ಪಾರ್ಕ್ ಅಂದ್ರೆ ನಮಗೆಲ್ಲ ದೊಡ್ಡ ವಿಷಯ.

ಆ ಬೆಂಕಿ ಹತ್ತಿದ್ದು ಛಾವಣಿ ರಿಪೇರಿ ನಡೆಯುವಾಗ, ಸೀಸದ ಹಾಳೆಗೆ ಬ್ಲೋಟಾರ್ಚ್ ಹಿಡಿದಿದ್ದರಿಂದ. ಬೂದಿಯಲ್ಲಿ ಸಿಕ್ಕಿದ ಗಾರೆಯ ಚೂರುಗಳನ್ನೆಲ್ಲ ಹೆಕ್ಕಿ, ಕಸದ ಡ್ರಮ್ಮುಗಳಲ್ಲಿ ತುಂಬಿ ಇಟ್ಟುಕೊಂಡರು. ಇಲ್ಲದ ಭಾಗವನ್ನು ಹೊಸದಾಗಿ ಮಾಡಬೇಕಿತ್ತು. ಆದರೆ ಹಸಿ ಸುಣ್ಣದಲ್ಲಿ, ಅಚ್ಚಿಲ್ಲದೆ, ಸೀಲಿಂಗಿನ ಮೇಲೇ ಕೈಯಿಂದ ಎಲೆ ಎತ್ತುವ ವಿದ್ಯೆ ಹೆಚ್ಚುಕಡಿಮೆ ಮರೆತೇಹೋಗಿತ್ತು. ಗಾರೆಯವರು ಮತ್ತೆ ಮತ್ತೆ ಮಾಡಿ, ಕೆಡಿಸಿ, ಅದನ್ನು ಕಲಿತರು. 1995ರಲ್ಲಿ ಮನೆ ಮತ್ತೆ ತೆರೆಯಿತು. ಅದನ್ನು ನಕಲು ಅನ್ನೋಕೆ ನನಗೆ ಮನಸ್ಸೇ ಬರಲ್ಲ.

ಗುರುತಿಸೋದು ಬೇಕಾದರೆ ಹಳೇದು-ಹೊಸದು ಬಿಡಿ, ಕೈಕೆಲಸವಾ ಅಚ್ಚಿನದಾ ಅಂತ ನೋಡಿ. ಒಂದೇ ಥರದ ಎರಡು ಎಲೆ ಹುಡುಕಿ. ಒಂದರ ತುದಿ ಜಾಸ್ತಿ ಮಡಚಿದ್ದರೆ, ಇನ್ನೊಂದರ ನರ ಸ್ವಲ್ಪ ಓರೆಯಾಗಿದ್ದರೆ ಅದು ಕೈಯದ್ದು. ಕೂದಲಷ್ಟೂ ವ್ಯತ್ಯಾಸ ಇಲ್ಲ ಅಂದ್ರೆ ಅಚ್ಚು. ಬೆಳಕು ಪಕ್ಕದಿಂದ ಬೀಳುವ ಹೊತ್ತಿಗೆ ಹೋದರೆ ಚೆನ್ನಾಗಿ ಕಾಣುತ್ತೆ. ಅಚ್ಚು ಕೀಳು ಅಂತಲ್ಲ. ಹದಿನೆಂಟನೇ ಶತಮಾನದ ವಾಸ್ತುಶಿಲ್ಪಿ ರಾಬರ್ಟ್ ಆಡಮ್ ವಿನ್ಯಾಸ ಮಾಡಿದ ಸೀಲಿಂಗ್‌ಗಳಲ್ಲಿ ಅಚ್ಚಿನ ತುಂಡುಗಳು ಬೇಕಾದಷ್ಟಿವೆ, ಅವೂ ಸೊಗಸೇ.

ಉತ್ತರ 2:
ನಾನು ಇದನ್ನು ಪೂರ್ತಿ ಒಪ್ಪಲ್ಲ. ಸುಟ್ಟಿದ್ದನ್ನೆಲ್ಲ ಮತ್ತೆ ಮಾಡಲೇಬೇಕು ಅಂತೇನಿಲ್ಲ. ಇಂಗ್ಲೆಂಡಿನದೇ ಸರ್ರೆಯಲ್ಲಿರುವ ಕ್ಲಾಂಡನ್ ಪಾರ್ಕ್ ಬಂಗಲೆ 2015ರಲ್ಲಿ ಸುಟ್ಟಿತು. ಅದರ ಮಾರ್ಬಲ್ ಹಾಲ್ ಸೀಲಿಂಗ್‌ಗೆ ದೊಡ್ಡ ಹೆಸರಿತ್ತು. ಒಳಗಿನದನ್ನೆಲ್ಲ ಮೊದಲಿನಂತೆ ಕಟ್ಟುವುದಿಲ್ಲ ಅಂತ ಅದನ್ನು ನೋಡಿಕೊಳ್ಳುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ 2022ರಲ್ಲಿ ಹೇಳಿತು. ಸುಟ್ಟ ಇಟ್ಟಿಗೆ ಗೋಡೆ ನೋಡಿದಾಗ ಮನೆ ಹೇಗೆ ಕಟ್ಟಿದ್ದರು ಅಂತ ತಿಳಿಯುತ್ತೆ. ಅದೂ ಪ್ರಾಮಾಣಿಕವೇ ಅಲ್ವಾ?

ಉತ್ತರ 1, ಮತ್ತೆ:
ಪ್ರಾಮಾಣಿಕ, ಹೌದು. ಆದರೆ ಕೆಲಸ ಬಂದರೆ ತಾನೇ ಕೈ ಕಲಿಯೋದು? ಅದೇ ನನ್ನ ಚಿಂತೆ. ಈ ಸೀಲಿಂಗ್‌ಗಳು ನಿಂತಿರೋದು ಗಾರೆಯ ಪುಟ್ಟ ಗಂಟುಗಳ ಮೇಲೆ. ಜಂತೆಗೆ ಹೊಡೆದ ಮರದ ಪಟ್ಟಿಗಳ ಸಂದಿನಿಂದ ಹಸಿ ಗಾರೆ ಮೇಲಕ್ಕೆ ನುಗ್ಗಿ, ಹಿಂದೆ ಮಡಚಿಕೊಂಡು ಗಟ್ಟಿಯಾಗುತ್ತೆ. ಗಾರೆ ಬಿರುಕು ಬಿಡದಿರಲಿ ಅಂತ ಪ್ರಾಣಿಯ ಕೂದಲೂ ಬೆರೆಸಿರುತ್ತಾರೆ. ಮೇಲಿನ ಮಹಡಿಯಲ್ಲಿ ನೀರು ಸೋರಿದರೆ, ಕಾಲಡಿಯ ಅದಿರಾಟ ಜಾಸ್ತಿಯಾದರೆ ಆ ಗಂಟುಗಳು ಒಂದೊಂದಾಗಿ ಮುರಿಯುತ್ತವೆ. ಕೆಳಗೆ ನಿಂತವರಿಗೆ ಏನೂ ಕಾಣಲ್ಲ. ನೆಲದ ಹಲಗೆ ಎತ್ತಿ ಮೇಲಿಂದಲೇ ನೋಡಬೇಕು. ಅದನ್ನು ನೋಡಿ ತಿಳಿಯುವ ಜನ ನಮಗೆ ಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ತೆಗೆದ ಫೋಟೋಗಳನ್ನು ಈಗ ದೊಡ್ಡದು ಮಾಡಿ ನೋಡ್ತಾ ಇದ್ದೀನಿ. ಮೂಲೆಯ ಎರಡು ಎಲೆ ಒಂದೇ ಥರ ಇಲ್ಲ!