ಹಸಿರು, ನೇರಳೆ, ಕಪ್ಪು ಒಟ್ಟಿಗೆ ಚೆನ್ನಾಗಿರುತ್ತಾ?

ನಮ್ದು ಚಿಕ್ಕಬಳ್ಳಾಪುರ. ತಂಗಿ ರಿಸೆಪ್ಷನ್‌ಗೆ ಹಸಿರು ರೇಷ್ಮೆ ಸೀರೆ ತಗೊಂಡಿದೀನಿ, ಬಾರ್ಡರ್ ನೇರಳೆ, ಬ್ಲೌಸ್ ಕಪ್ಪು ಹೊಲಿಸೋಣ ಅಂತಿದ್ದೆ ಆದ್ರೆ ಅಮ್ಮ ಶುಭಕಾರ್ಯಕ್ಕೆ ಕಪ್ಪು ಬೇಡ್ವೇ ಬೇಡ ಅಂತಿದಾರೆ, ಏನ್ ಮಾಡ್ಲಿ?

ಉತ್ತರ: ನಮ್ಮ ಕಡೆ ದ್ರಾಕ್ಷಿ ತೋಟ ನೋಡಿದೀರಲ್ಲ ಅಕ್ಕ, ಬೆಂಗಳೂರು ಬ್ಲೂ ಗೊನೆ ನೇತಾಡ್ವಾಗ ಎಲೆ ಹಸಿರೇ ಜಾಸ್ತಿ, ನೇರಳೆ ಕಮ್ಮಿ, ಒಳಗಡೆ ನೆರಳಲ್ಲಿ ಚೂರು ಕಪ್ಪು. ಅದೇ ಅಳತೆ ಇಟ್ಕೊಳಿ. ಮೂರೂ ಸಮ ಆದ್ರೆ ಕಣ್ಣಿಗೆ ಹೊಡಿಯುತ್ತೆ.

ಉತ್ತರ: ಅಮ್ಮನ ಮನಸ್ಸು ನೋಯಿಸ್ಬೇಡಿ ಪ್ಲೀಸ್. ಕಡು ಬದನೆಕಾಯಿ ಬಣ್ಣ ಹೊಲಿಸಿ, ರಾತ್ರಿ ಲೈಟಲ್ಲಿ ಹೆಚ್ಚುಕಮ್ಮಿ ಕಪ್ಪೇ ಕಾಣುತ್ತೆ. ಬ್ಲೌಸ್ ಪೀಸ್ ತಗೊಳೋಕೆ ಸೀರೆ ಜೊತೇಲೇ ಒಯ್ದು ಅಂಗಡಿ ಹೊರಗೆ ಬಿಸಿಲಲ್ಲಿ ಹಿಡಿದು ನೋಡಿ, ಟ್ಯೂಬ್‌ಲೈಟಲ್ಲಿ ನೇರಳೆ ಬೇರೆ ಥರಾನೇ ಕಾಣ್ಸುತ್ತೆ.

ಬದನೆಕಾಯಿ ಬಣ್ಣಕ್ಕೆ ಅಮ್ಮ ಒಪ್ಪಿದ್ರು! ಥ್ಯಾಂಕ್ಸ್.