ಸಹಾಯ ಬೇಕು: ಕೋಶದ ಮೋಟಾರ್ ಪ್ರೋಟೀನ್‌ಗಳ ಬಗ್ಗೆ ಮಂಡ್ಯದ ಮಕ್ಕಳಿಗೆ ವಿವರಿಸುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಈರುಳ್ಳಿ ಬೇರಿನ ತುದಿಯ ಸ್ಲೈಡ್‌ನಲ್ಲಿ ವಿಭಜನೆಯಾಗುತ್ತಿರುವ ಕೋಶಗಳನ್ನು ನೋಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, "ಮೇಡಂ, ಸಸ್ಯಕೋಶದಲ್ಲಿ ಸೆಂಟ್ರಿಯೋಲ್ ಇಲ್ಲವಲ್ಲ, ಹಾಗಾದರೆ ಈ ಎಳೆಗಳನ್ನೆಲ್ಲ ಜೋಡಿಸುವುದು ಯಾವುದು?" ಎಂದು ಕೇಳಿದಳು. (ಕೋಶ ವಿಭಜನೆಯಾಗುವಾಗ ವರ್ಣತಂತುಗಳನ್ನು ಬೇರ್ಪಡಿಸುವ ಎಳೆಗಳಿವು; ಪ್ರಾಣಿಕೋಶದಲ್ಲಿ ಅವು ಹೊರಡುವ ಕೇಂದ್ರದಲ್ಲಿರುವ ಪುಟ್ಟ ರಚನೆಯೇ ಸೆಂಟ್ರಿಯೋಲ್.) ಇಂಥ ಪ್ರಶ್ನೆಗೆ ಒಂದು ಸಾಲಿನ ಉತ್ತರ ಕೊಡಲು ನನಗೆ ಮನಸ್ಸಿಲ್ಲ.

ಆ ಎಳೆಗಳು ಮೈಕ್ರೊಟ್ಯೂಬ್ಯೂಲ್‌ಗಳಿಂದ ಆದವು. ಮೈಕ್ರೊಟ್ಯೂಬ್ಯೂಲ್‌ಗಳು ಟ್ಯೂಬುಲಿನ್ ಎಂಬ ಪ್ರೋಟೀನಿನಿಂದಾದ, ಸುಮಾರು 25 ನ್ಯಾನೊಮೀಟರ್ ದಪ್ಪದ ಕೊಳವೆಗಳು. ಕೋಶದ ಇಂಧನವಾದ ಎಟಿಪಿಯ ಶಕ್ತಿಯಿಂದ ಕೈನೆಸಿನ್ ಎಂಬ ಮೋಟಾರ್ ಪ್ರೋಟೀನ್ ಅವುಗಳ ಮೇಲೆ 8 ನ್ಯಾನೊಮೀಟರಿನ ಹೆಜ್ಜೆಯಿಟ್ಟು ಸರಕು ಸಾಗಿಸುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಿದ್ದೇನೆ. ಆದರೆ ಆ ದಾರಿಯನ್ನೇ ಸಜ್ಜುಗೊಳಿಸುವುದೂ ಮೋಟಾರ್‌ಗಳೇ! ಕೈನೆಸಿನ್-5 ಎರಡು ಕೊಳವೆಗಳನ್ನು ಒಟ್ಟಿಗೆ ಹಿಡಿದು ವಿರುದ್ಧ ದಿಕ್ಕಿಗೆ ಜಾರಿಸಿ, ಎಳೆಗಳ ಕಟ್ಟಿನ ಎರಡು ಕೊನೆಗಳಾದ ಧ್ರುವಗಳನ್ನು ದೂರ ತಳ್ಳುತ್ತದೆ. ಪ್ರತಿ ಕೊಳವೆಗೂ ಪ್ಲಸ್, ಮೈನಸ್ ಎಂಬ ಎರಡು ಬಗೆಯ ತುದಿಗಳಿವೆ. ಪ್ರಾಣಿಕೋಶದಲ್ಲಿ ಕೊಳವೆಗಳ ಮೈನಸ್ ತುದಿಗಳನ್ನು ಧ್ರುವದಲ್ಲಿ ಒಟ್ಟುಗೂಡಿಸುವಲ್ಲಿ ಡೈನೀನ್ ಎಂಬ ಇನ್ನೊಂದು ಮೋಟಾರ್‌ನ ಪಾತ್ರ ದೊಡ್ಡದು. ಹೂಬಿಡುವ ಸಸ್ಯಗಳಲ್ಲಿ ಆ ಡೈನೀನ್ ಇಲ್ಲ. ಅಲ್ಲಿ ಮೈನಸ್ ತುದಿಯತ್ತ ನಡೆಯುವ ಕೈನೆಸಿನ್-14 ಗುಂಪಿನ ಮೋಟಾರ್‌ಗಳಿವೆ. 1997ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕೋಶವೇ ಇಲ್ಲದೆ, ಶುದ್ಧೀಕರಿಸಿದ ಟ್ಯೂಬುಲಿನ್ ಜೊತೆ ಗುಂಪುಗೂಡಿಸಿದ ಕೈನೆಸಿನ್ ಬೆರೆಸಿದಾಗ ನಕ್ಷತ್ರ, ಸುಳಿಗಳಂಥ ರಚನೆಗಳು ತಾವಾಗಿಯೇ ಮೂಡಿದ್ದವು. ಮಕ್ಕಳು ಇದನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಆಸೆ.

ಮಾನಸಗಂಗೋತ್ರಿಯಲ್ಲೋ ಮೈಸೂರಿನ ಬೇರೆ ಪ್ರಯೋಗಾಲಯದಲ್ಲೋ ಕೋಶಜೀವಶಾಸ್ತ್ರದ ಸಂಶೋಧನೆ ಮಾಡುತ್ತಿರುವವರು ಒಂದು ಶನಿವಾರ ಬಂದು ಕನ್ನಡದಲ್ಲಿ ಮಾತನಾಡಬಹುದೇ? ಪ್ರಯಾಣದ ಖರ್ಚು, ಊಟ ನಮ್ಮದು. ಬರಲಾಗದಿದ್ದರೆ, ತರಗತಿಯಲ್ಲಿ ತೋರಿಸಬಹುದಾದ ಸೂಕ್ಷ್ಮದರ್ಶಕದ ವಿಡಿಯೊಗಳಿದ್ದರೆ ತಿಳಿಸಿ. ಸಸ್ಯಕೋಶದ್ದಾದರೆ ಇನ್ನೂ ಒಳ್ಳೆಯದು. ಈ ಪೋಸ್ಟ್‌ನ ಕೆಳಗೇ ಬರೆಯಿರಿ, ನಾನೇ ಸಂಪರ್ಕಿಸುತ್ತೇನೆ.