ಬೇಲಿಯ ಕಾಡು ರಾಸ್ಪ್‌ಬೆರಿಯಾ, ಅಂಗಡಿಯ ಬ್ಲೂಬೆರಿಯಾ?

ತೋಟದಮನೆ, ಮಡಿಕೇರಿ
ನಮ್ಮ ಕಾಫಿ ತೋಟದ ಬೇಲಿಯಲ್ಲಿ ಮುಳ್ಳುಪೊದೆ ತುಂಬ ಇದೆ. ಬೇಸಿಗೆಯಲ್ಲಿ ಕೆಂಪು ಹಣ್ಣೆಲ್ಲ ಕಪ್ಪಾಗುತ್ತದೆ, ಮಗಳು ಸ್ಕೂಲಿಂದ ಬಂದವಳೇ ಅಲ್ಲೇ ನಿಂತು ಬಾಯಿ, ಬೆರಳು ಎಲ್ಲ ಬಣ್ಣ ಮಾಡಿಕೊಳ್ಳುತ್ತಾಳೆ. ಬೆಂಗಳೂರಿಂದ ಬಂದ ನಾದಿನಿ ಅದನ್ನು ನೋಡಿ, ಕಾಡು ಹಣ್ಣು ಬೇಡ, ಬ್ಲೂಬೆರಿ ಕೊಡಿ, ಅದರಲ್ಲೇ ಸತ್ವ ಜಾಸ್ತಿ ಅಂದಳು. ಆ ಸಣ್ಣ ಡಬ್ಬಿಯ ಬೆಲೆ ನೋಡಿ ಗಾಬರಿಯಾಯಿತು. ನಿಜಕ್ಕೂ ಅಷ್ಟು ವ್ಯತ್ಯಾಸ ಇದೆಯಾ?

ಹಣ್ಣುಗಿಡ
ಅಕ್ಕ, ನಾದಿನಿ ಮಾತಿಗೆ ಬೇಜಾರಾಗಬೇಡಿ, ಆದರೆ ಲೆಕ್ಕ ಬೇರೆ ಹೇಳುತ್ತದೆ. 100 ಗ್ರಾಂ ಬ್ಲೂಬೆರಿಯಲ್ಲಿ ನಾರು ಸುಮಾರು 2.4 ಗ್ರಾಂ, ಸಕ್ಕರೆ 10 ಗ್ರಾಂ, ವಿಟಮಿನ್ ಸಿ 10 ಮಿಲಿಗ್ರಾಂ. ತೋಟದಲ್ಲಿ ಬೆಳೆಸುವ ಕೆಂಪು ರಾಸ್ಪ್‌ಬೆರಿಯಲ್ಲಿ ನಾರು 6.5, ಸಕ್ಕರೆ 4.4 ಗ್ರಾಂ, ವಿಟಮಿನ್ ಸಿ 26 ಮಿಲಿಗ್ರಾಂ. ನಿಮ್ಮ ಬೇಲಿಯ ಹಣ್ಣು ಅದರ ನೆಂಟ, ಹೊರಗಿನವರು ಇದಕ್ಕೆ ಮೈಸೂರು ರಾಸ್ಪ್‌ಬೆರಿ ಅಂತಲೇ ಹೆಸರಿಟ್ಟಿದ್ದಾರೆ. ಅಂಕಿ ಅಷ್ಟೇ ಇರಬೇಕೆಂದಿಲ್ಲ, ಆದರೆ ಹಲ್ಲಿಗೆ ಸಿಕ್ಕಿಕೊಳ್ಳುವ ಆ ಬೀಜಗಳೇ ಇದರಲ್ಲೂ ನಾರು ಕೊಡುತ್ತವೆ. ವಿಟಮಿನ್ ಸಿ ಒಂದೇ ಬೇಕಿದ್ದರೆ ಬೆಟ್ಟದ ನೆಲ್ಲಿಕಾಯಿ ಮುಂದೆ ಇವು ಯಾವುದೂ ನಿಲ್ಲುವುದಿಲ್ಲ.

ಕಾಡುದಾರಿ
ಬ್ಲೂಬೆರಿಯೂ ಮೊದಲು ಕಾಡು ಹಣ್ಣೇ ಅಲ್ವಾ! ಅಮೆರಿಕದ ನ್ಯೂಜೆರ್ಸಿಯಲ್ಲಿ ಎಲಿಜಬೆತ್ ವೈಟ್ ಮತ್ತು ಫ್ರೆಡರಿಕ್ ಕೋವಿಲ್ ಕಾಡಿನ ಗಿಡಗಳನ್ನು ಆರಿಸಿ ಬೆಳೆಸಿದರು, ಮೊದಲ ಫಸಲು ಮಾರಿದ್ದು 1916ರಲ್ಲಿ. ಹಣ್ಣು ದಪ್ಪ ಆಯಿತು, ಒಳಗಿನ ತಿರುಳು ಬೆಳ್ಳಗೇ ಉಳಿಯಿತು. ಬ್ಲೂಬೆರಿಯ ನೆಂಟ, ಯುರೋಪಿನ ಕಾಡಿನ ಬಿಲ್‌ಬೆರಿಯನ್ನು ಹಿಸುಕಿದರೆ ತಿರುಳೂ ನೇರಳೆ ಬಣ್ಣ. ಆ ಬಣ್ಣ ಕೊಡುವ ಆಂಥೋಸಯಾನಿನ್ ಅನ್ನೋ ವಸ್ತು ಅದರಲ್ಲಿ ಜಾಸ್ತಿ ಇರುವುದು ಅದಕ್ಕೇ. ಹಣ್ಣು ಸಣ್ಣದಾದಷ್ಟೂ ತೂಕಕ್ಕೆ ಬಣ್ಣ ತುಂಬಿದ ಸಿಪ್ಪೆಯ ಪಾಲೂ ಹೆಚ್ಚು. ನಮ್ಮ ನೇರಳೆ ತಿಂದಾಗ ನಾಲಿಗೆಗೆ ಹತ್ತುವುದೂ ಅದೇ ಬಣ್ಣ.

ಸೋಮವಾರಪೇಟೆ ಬೆಳೆಗಾರ
ಸತ್ವದ ಮಾತು ಸರಿ, ನನಗೆ ಚಿಂತೆ ಬೇರೆ. ಮಳೆ ಹಿಡಿಯುವ ಮುಂಚೆ ಕಾಫಿಗೆ, ಮೆಣಸಿಗೆ ಬೋರ್ಡೋ (ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯುತ್ತೇವೆ, ಕಳೆನಾಶಕ ಹಾಕುವವರೂ ಇದ್ದಾರೆ, ಬೇಲಿಯ ಮೇಲೆ ಬೀಳದೇ ಇರುತ್ತದಾ? ಸ್ಪ್ರೇ ಆದಮೇಲೆ ಆ ಸಾಲಿನ ಹಣ್ಣು ಮಗುವಿಗೆ ಬೇಡವೇ ಬೇಡ, ಸುಮ್ನೆ ತೊಳೆದು ಕೊಟ್ಟರೆ ಸಾಲದು. ಮಕ್ಕಳು ಪಕ್ಕದ ಗಣಿಕೆ ಗಿಡಕ್ಕೂ ಕೈ ಹಾಕುತ್ತಾರೆ, ಅದರ ಹಸಿರು ಕಾಯಲ್ಲಿ ವಿಷ ಇರುತ್ತದೆ. ಗುರುತು ಗೊತ್ತಿಲ್ಲದ ಹಣ್ಣು ಬಾಯಿಗೆ ಹಾಕಬಾರದು ಅಂತ ಈಗಲೇ ಕಲಿಸಿ.

ತೋಟದಮನೆ, ಮಡಿಕೇರಿ
ಬೋರ್ಡೋ ವಿಷಯ ನನಗೆ ಹೊಳೆದೇ ಇರಲಿಲ್ಲ ಅಣ್ಣ. ಮನೆ ಹಿಂದೆ, ಸ್ಪ್ರೇ ಬೀಳದ ಕಡೆ ಎರಡು ಪೊದೆ ಇವೆ. ಇನ್ನು ಅವಳಿಗೆ ಅಲ್ಲಿಂದಲೇ ಕಿತ್ತು ಕೊಡುತ್ತೇನೆ.